ಹೆಸರಾದ ಮೇಲಿನ ಉಸಿರು

ಬಸ್ಸಿನ ಕಿಟಕಿಯ ಗಾಜು ನಡುಗುತ್ತದೆ, ಅದರೊಳಗೆ ನನ್ನ ತುಟಿಗಳೂ ನಡುಗುತ್ತವೆ, ನಮಸ್ಕಾರ ನನ್ನ ಹೆಸರು ತ್ರಿವೇಣಿ, ನಾನು ಕಮಲಾಪುರದ ಕನ್ನಡಕದ ಅಂಗಡಿಯಲ್ಲಿ ಎರಡು ವರ್ಷ — ಹಿಂಗಲ್ಲ, ಶಾಲೆಯಿಂದಲೂ ಜೊತೆಗಿರುವ ಹಾಜಿರಾ ಪಕ್ಕದಿಂದ ಮೊಣಕೈಯಲ್ಲಿ ತಿವಿಯುತ್ತಾಳೆ, ಹೆಸರ ಆದ ಮ್ಯಾಲ ಉಸರ ತಗೋಬ್ಯಾಡ ಅಂದಿಲ್ಲೇನ ನಿನಗ, ನಿಂತಿ ಅಂದ್ರ ಅಡ್ಡಹೆಸರ ಕೇಳ್ತಾರ, ಓಡು. ಸಂದರ್ಶನದಲ್ಲಿ ಅರ್ಧ ನಿಮಿಷ ಕೊಡುತ್ತಾರಂತೆ, ಯಾರು ನೀನು, ಏನು ಬರುತ್ತದೆ, ನಿನ್ನನ್ನೇ ಏಕೆ ತೆಗೆದುಕೊಳ್ಳಬೇಕು. ಕಲಬುರಗಿಯ ದೊಡ್ಡ ಕನ್ನಡಕದ ಶೋರೂಮು, ಮುಂದಿನ ಕೌಂಟರು, ಕೆಲಸ ಒಂದೇ. ನಿನಗೇನವ್ವಾ, ಹಾಜಿರಾ ನಗುತ್ತಾಳೆ, ನನ್ನ ಹೆಸರ ಬುರ್ಖಾ ಹಾಕ್ಕೊಂಡೇ ಒಳಗ ಬರ್ತದ, ನಿನ್ನ ಹೆಸರಿಗಿ ಅಡಗಾಕ ಜಾಗಾ ಅದ. ನಾನೂ ನಗುತ್ತೇನೆ, ನಗುವಾಗಲೇ ಕಣ್ಣ ಮುಂದೆ ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ಬಾಡಿಗೆ ಕೋಣೆ, ಹೋದ ಬೇಸಿಗೆ ಅಪ್ಪನ ಜೊತೆ ನೋಡಲು ಹೋಗಿದ್ದು, ಮನೆಯೊಡತಿ ಫ್ಯಾನು ಹಾಕಿ ತೋರಿಸುತ್ತಿದ್ದಾಳೆ, ಛಲೋ ಗಾಳಿ ಬರ್ತದ ನೋಡ್ರಿ, ಯಾ ಊರಿನವರ್ರೀ, ಕಮಲಾಪುರ, ಕಮಲಾಪುರದಾಗ ಯಾ ಓಣಿ — ಅಪ್ಪ ಭೀಮನಗರ ಅಂದ, ಕೋಣೆ ನಿನ್ನೆಯೇ ಬೇರೆಯವರಿಗೆ ಕೊಟ್ಟದ್ದು ಆಕೆಗೆ ಆಗ ನೆನಪಾಯಿತು, ಫ್ಯಾನು ತಿರುಗುತ್ತಲೇ ಇತ್ತು, ಅಪ್ಪ ಮೆಟ್ಟಿಲಿಳಿಯುತ್ತ, ಗಾಳಿ ಖರೇನೇ ಛಲೋ ಇತ್ತಲ್ಲವ್ವ ಅಂದ.

ಶರಣಬಸವೇಶ್ವರ ದೇವಸ್ಥಾನದ ಹತ್ತಿರ ಆಟೊ ಇಳಿದೆವು, ಶೋರೂಮಿನ ಗಾಜಿನ ಬಾಗಿಲಲ್ಲಿ ಹಾಜಿರಾ ನನ್ನ ದುಪಟ್ಟಾ ಸರಿ ಮಾಡಿ, ಜಾ, ಡರ್ ನಕ್ಕೊ, ಅಂಜಬ್ಯಾಡ ಹೋಗು, ಎಂದು ಒಳಗೆ ತಳ್ಳಿದಳು, ಈಗ ಮೇಜಿನ ಆಚೆ ಮ್ಯಾನೇಜರ್ ಮೇಡಂ, ಹಾಳೆಯ ಮೇಲೆ ಪೆನ್ನು, ಹೇಳ್ರಿ ನಿಮ್ಮ ಬಗ್ಗೆ. ನಮಸ್ಕಾರ್ರಿ, ನನ್ನ ಹೆಸರ ತ್ರಿವೇಣಿ — ಓಡಬೇಕು, ಓಡುತ್ತಿಲ್ಲ, ಪೆನ್ನು ನನ್ನ ಹೆಸರು ಬರೆದು ಮೇಲೆದ್ದಿದೆ, ಕಾಯುತ್ತಿದೆ, ಅಪ್ಪ ಅಂದು ಆಕೆ ಕೇಳಿದ ಮೇಲೆ ಹೇಳಿದ, ನಾನು ಇವರು ಕೇಳುವ ಮೊದಲೇ — ಸುಧಾಕರ ಅವರ ಮಗಳರಿ, ಕಮಲಾಪುರ ಭೀಮನಗರದಾಕಿ. ಎಷ್ಟು ಸಲೀಸು, ಭುಜ ಕೆಳಗಿಳಿಯಿತು, ಮುಂದಿನದೆಲ್ಲ ತಾನೇ ಬರುತ್ತಿದೆ, ಎರಡ ವರ್ಷ ಕನ್ನಡಕದ ಅಂಗಡ್ಯಾಗ ಮಾಡೀನ್ರಿ, ಕನ್ನಡಕ ಬ್ಯಾಡಂತ ಅಳೋ ಹುಡುಗ್ರಿಗಿ ನಗಸಿ ಹಾಕ್ತೀನಿ, ಮುದುಕರಿಗಿ ಕಿವಿ ಹಿಂದ ಒತ್ತಾಕತ್ತದ ಅಂತ ಅವರ ಮಾರಿ ನೋಡೇ ಹೇಳ್ತೀನಿ, ಕನ್ನಡಾನೂ ಬರ್ತದ, ದಖ್ಖನಿನೂ ಬರ್ತದ, ನನಗಿ ತಗೊಂಡ್ರ ನಿಮ್ಮ ಗಿರಾಕಿ ಮತ್ತೊಮ್ಮಿ ಬರ್ತಾರ್ರಿ. ಮುಗಿಯಿತು. ಪೆನ್ನು ಹಾಗೇ ಇದೆ. ಇನ್ನೇನಾದರೂ ಸೇರಿಸಬಹುದು, ದಯವಿಟ್ಟು ಅನ್ನಬಹುದು, ಸುಮ್ಮನೆ ನಗಬಹುದು, ಬೇಡ, ಈ ಮೌನವನ್ನು ಈಗ ಆಕೆ ದಾಟಲಿ, ನನಗೆ ಅವಸರವಿಲ್ಲ, ಕುರ್ಚಿ ಗಟ್ಟಿಯಾಗಿದೆ, ಕೈಗಳು ತೊಡೆಯ ಮೇಲಿವೆ, ನೋಡುತ್ತಿದ್ದೇನೆ, ಹಾಳೆಯಿಂದ ಒಂದು ಬೆರಳಿನಷ್ಟು ಮೇಲೆ ಪೆನ್ನಿನ ನೀಲಿ ಮೊನೆ, ಕೆಳಗೆ ನನ್ನ ಹೆಸರು, ಪಕ್ಕದಲ್ಲಿ ಖಾಲಿ ಜಾಗ, ಮೇಲೆ ಪೆನ್ನು, ಪೆನ್ನಿನ ಮೊನೆ —