ನೀರಿನೊಳಗಿನ ಚರ್ಚು

"ಟೀಚರ್, ಇಲ್ಲಿ ಎರಡು ಚರ್ಚ್ ಇದೆ. ಒಂದು ನೆಟ್ಟಗೆ ನಿಂತಿದೆ, ಇನ್ನೊಂದು ತಲೆಕೆಳಗಾಗಿದೆ. ಕಟ್ಟಿದೋರು ಕುಡಿದಿದ್ರಾ?"

ಕೆರ್ತು ಹೀಗೆ ಕೇಳಿದೊಡನೆ ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಅವಳು ಹುಟ್ಟಿನಿಂದಲೇ ಕಣ್ಣು ಕಾಣದ ಹುಡುಗಿ; ನಾಲಿಗೆ ಮಾತ್ರ ಬಲು ಚುರುಕು. ಹೊಸ ಟೀಚರ್ ಐಲಾ ರಟ್ಟಿನ ಮೇಲೆ ದಪ್ಪ ದಾರ ಅಂಟಿಸಿ ಮಾಡಿಕೊಂಡು ಬಂದಿದ್ದ ಚಿತ್ರ ಅವಳ ಬೆರಳುಗಳ ಕೆಳಗಿತ್ತು. ಸರೋವರದ ದಂಡೆಯ ಚರ್ಚು, ಅದರ ಗೋಪುರ, ಕೆಳಗೆ ನೀರಿನಲ್ಲಿ ಅದರ ಪ್ರತಿಬಿಂಬ.

"ಅದು ಇನ್ನೊಂದು ಚರ್ಚಲ್ಲ. ಅದೇ ಚರ್ಚು ನೀರಿನಲ್ಲಿ ಕಾಣೋದು," ಎಂದಳು ಐಲಾ.

"ನೀರಿಗೆ ಕೈ ಹಾಕಿದ್ರೆ ಸಿಗುತ್ತಾ?"

"ಇಲ್ಲ, ಸಿಗಲ್ಲ."

"ಸಿಗದೇ ಇರೋದನ್ನ ಯಾಕೆ ಅಂಟಿಸಿದ್ರಿ?"

ಹಿಂದಿನ ಬೆಂಚಿನಿಂದ ಓಯ್ವಾ ಕೂಗಿದ, "ದಾರ ಉಳಿದಿತ್ತು ಕಣೇ, ಅದಕ್ಕೆ!" ಮತ್ತೆ ನಗು. ಐಲಾಳೂ ನಗಲು ನೋಡಿದಳು. ಆಗಲಿಲ್ಲ.

ಪಿಂಗಾಣಿ ಕಾರ್ಖಾನೆಯಲ್ಲಿ ಬಟ್ಟಲುಗಳ ಅಂಚಿಗೆ ಹೂ ಬರೆಯುತ್ತಲೇ ಅವಳ ಅರ್ಧ ಆಯುಷ್ಯ ಕಳೆದಿತ್ತು. ಕಾರ್ಖಾನೆ ಮುಚ್ಚಿತು. ಹಿಂದೆಯೇ ಗಂಡ ತಾನೆಲಿ ತೀರಿಕೊಂಡ. ಖಾಲಿ ಮನೆಯಲ್ಲಿ ಗಡಿಯಾರದ ಸದ್ದು ಕೇಳುತ್ತಾ ಕೂರಲಾರದೆ ಅವಳು ಹೆಲ್ಸಿಂಕಿಯ ಕಾಲೇಜಿನಲ್ಲಿ ಚಿತ್ರಕಲಾ ಶಿಕ್ಷಕಿಯ ತರಬೇತಿಗೆ ಸೇರಿದಳು. ತನ್ನ ಅರ್ಧ ವಯಸ್ಸಿನವರ ನಡುವೆ ಕೂತು ಪಾಠ ಕೇಳಿದಳು. ಈಗ ತರಬೇತಿಯ ಕೊನೆಯ ಭಾಗವಾಗಿ, ಕಣ್ಣು ಕಾಣದ ಮಕ್ಕಳ ಈ ಶಾಲೆಗೆ ಪಾಠ ಮಾಡಲು ಬಂದಿದ್ದಳು.

ಇಲ್ಲಿನ ಹಿರಿಯ ಶಿಕ್ಷಕಿ ರಾಕೆಲ್ ಕಾಫಿ ಬಟ್ಟಲು ಮುಂದಿಟ್ಟು ನೇರವಾಗಿ ಹೇಳಿದರು. "ನೋಡಮ್ಮ ಐಲಾ, ಕಣ್ಣಿರೋರು ಮಾಡೋ ತಪ್ಪೇ ಇದು. ನಮಗೆ ಚಂದ ಕಂಡಿದ್ದನ್ನೆಲ್ಲ ಗೀಟು ಎಳೆದು ಅವರ ಕೈಗೆ ಕೊಟ್ಟುಬಿಡ್ತೀವಿ. ಕೆಳಗಿನದನ್ನ ಕಿತ್ತು ಹಾಕು. ಶುಕ್ರವಾರ ನಾನು ಹಿಂದೆ ಕೂತು ನೋಡ್ತೀನಿ. ಚೆನ್ನಾಗಾದ್ರೆ ಜನವರಿಯಿಂದ ಇಲ್ಲೇ ಕೆಲಸಕ್ಕೆ ಇರು. ಇಲ್ಲ ಅಂದ್ರೆ, ಇವರಿಗೆ ಈ ಕೆಲಸ ಒಗ್ಗಲ್ಲ ಅಂತ ಕಾಲೇಜಿಗೆ ತಿಳಿಸಲೇಬೇಕಾಗುತ್ತೆ. ಬೇಜಾರು ಮಾಡ್ಕೋಬೇಡ."

"ಕೀಳೋಕೆ ಆಗಲ್ಲ," ಎಂದಳು ಐಲಾ.

"ಯಾಕೆ?"

ಐಲಾ ಕಾಫಿ ಬಟ್ಟಲಿನ ಅಂಚಿನ ಮೇಲೆ ಬೆರಳಾಡಿಸಿದಳು.

ಹೇಳುವುದಾದರೂ ಹೇಗೆ? ಬೇಸಿಗೆಯ ಭಾನುವಾರಗಳಲ್ಲಿ ಗಂಡಹೆಂಡಿರು ದೋಣಿಯಲ್ಲೇ ಚಿತ್ರದಲ್ಲಿನ ಆ ಚರ್ಚಿಗೆ ಹೋಗುತ್ತಿದ್ದರು. ದಡ ಹತ್ತಿರವಾದಾಗ ತಾನೆಲಿ ಹುಟ್ಟುಗಳನ್ನು ನೀರಿನಿಂದ ಮೇಲೆತ್ತಿ ಸುಮ್ಮನೆ ಹಿಡಿದಿರುತ್ತಿದ್ದ. ಅಲೆಗಳು ಅಡಗಿ ನೀರು ಕನ್ನಡಿಯಾಗುವವರೆಗೂ ಕಾಯುತ್ತಿದ್ದ. "ಈಗ ನೋಡು," ಎನ್ನುತ್ತಿದ್ದ. ಪ್ರಾರ್ಥನೆಗೆ ತಡವಾದರೂ ಅವನಿಗೆ ಚಿಂತೆಯಿರಲಿಲ್ಲ. ದೇವರಿಗೆ ಅವಸರವಿಲ್ಲ ಎನ್ನುತ್ತಿದ್ದ. ಈಗ ಅವನು ಮಲಗಿರುವುದು ಆ ಚರ್ಚಿನ ಅಂಗಳದಲ್ಲೇ.

ಬುಧವಾರ ಐಲಾ ಇನ್ನೊಂದು ದಾರಿ ಹುಡುಕಿದಳು. "ಕೆರ್ತು, ಸರೋವರದ ಹತ್ರ ನಿಂತು ಕೂಗಿದ್ರೆ ಆಚೆ ದಡದಿಂದ ನಿನ್ನ ದನಿ ವಾಪಸ್ ಬರುತ್ತಲ್ಲ, ಇದೂ ಹಾಗೇ."

"ಅದು ಆಮೇಲೆ ಬರುತ್ತೆ ಟೀಚರ್. ಇದೂ ಆಮೇಲೆ ಬರುತ್ತಾ?"

"ಇಲ್ಲ, ಆಗಲೇ ಇರುತ್ತೆ."

"ಹಾಗಾದ್ರೆ ಇದು ಅದಲ್ಲ," ಎಂದು ಕೆರ್ತು ರಟ್ಟನ್ನು ಅತ್ತ ಸರಿಸಿದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಐಲಾಳಿಗೆ ಸಿಟ್ಟಾದರೂ ಇರಬಾರದಿತ್ತೇ ಎನಿಸಿತು.

ಮಧ್ಯಾಹ್ನವೇ ಕತ್ತಲೆ ಕವಿಯುವ ನವೆಂಬರ್ ತಿಂಗಳು. ಮನೆಗೆ ಬಂದವಳು ದೀಪ ಹಾಕದೆ, ಕೋಟೂ ತೆಗೆಯದೆ ಅಡುಗೆಮನೆಯ ಮೇಜಿನ ಮುಂದೆ ಕೂತಳು. ಮಗ್ಗುಲಿನ ಮನೆಯಲ್ಲಿ ಯಾರೋ ಮೀನು ಹುರಿಯುತ್ತಿದ್ದರು, ಮಾತಾಡುತ್ತಿದ್ದರು. ಅವಳು ಕಣ್ಣು ಮುಚ್ಚಿ ಪ್ರಾರ್ಥಿಸಲು ನೋಡಿದಳು. ಬಾಯಿಗೆ ಮಾತು ಬರಲಿಲ್ಲ. ಬಲಗೈ ಮೇಜಿನ ಮೇಲಿತ್ತು. ಕುರ್ಚಿಯನ್ನು ಮುಂದಕ್ಕೆಳೆದುಕೊಳ್ಳಲೆಂದು ಎಡಗೈಯಿಂದ ಮೇಜಿನ ಹಲಗೆಯ ಕೆಳಭಾಗವನ್ನು ಹಿಡಿದಳು. ಹಾಗೆಯೇ ನಿಂತುಬಿಟ್ಟಿತು ಕೈ. ಮೇಲೊಂದು ಅಂಗೈ, ಕೆಳಗೊಂದು ಅಂಗೈ. ಒಂದರ ಎದುರಿಗೆ ಒಂದು. ನಡುವೆ ಹಲಗೆ ಮಾತ್ರ.

ಅವಳು ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ಎದ್ದು ದೀಪ ಹಾಕಿ ಜೇಡಿಮಣ್ಣಿನ ಡಬ್ಬಿ ತೆರೆದಳು.

ಶುಕ್ರವಾರ ರಾಕೆಲ್ ಹಿಂದಿನ ಬೆಂಚಿನಲ್ಲಿ, ಓಯ್ವಾನ ಪಕ್ಕ ಕೂತರು. ಐಲಾ ತೆಳುವಾದ ಮರದ ಹಲಗೆಯೊಂದನ್ನು ತಂದು, ಎರಡು ಮೇಜುಗಳ ನಡುವೆ ಸೇತುವೆಯಂತೆ ಇಟ್ಟಿದ್ದಳು. ಹಲಗೆಯ ಮೇಲೆ ಮಣ್ಣಿನ ಚರ್ಚು ನಿಂತಿತ್ತು. ಹಲಗೆಯ ಕೆಳಗೆ, ಅದರ ನೇರಕ್ಕೆ, ಅಷ್ಟೇ ದೊಡ್ಡ ಇನ್ನೊಂದು ಚರ್ಚು ಗೋಪುರವನ್ನು ನೆಲದ ಕಡೆಗೆ ಇಳಿಬಿಟ್ಟುಕೊಂಡು ಅಂಟಿತ್ತು.

"ಕೆರ್ತು, ಈ ಹಲಗೇನೇ ನೀರು ಅಂದ್ಕೋ. ಒಂದು ಕೈ ಮೇಲಿಡು, ಇನ್ನೊಂದು ಕೈ ಕೆಳಗೆ."

ಹುಡುಗಿಯ ಕೈಗಳು ಎರಡು ಕಡೆಯಿಂದಲೂ ಹೊರಟವು. ಮೇಲಿನ ಕೈ ಬಾಗಿಲು ಮುಟ್ಟಿದಾಗ ಕೆಳಗಿನ ಕೈಯೂ ಬಾಗಿಲು ಮುಟ್ಟಿತು. ಮೇಲಿನದು ಗೋಪುರ ಹತ್ತಿತು. ಕೆಳಗಿನದು ಗೋಪುರ ಇಳಿಯಿತು. ಕೆರ್ತುವಿನ ಬಾಯಿ ತೆರೆದುಕೊಂಡಿತು. ಎರಡೂ ಕೈ ಮತ್ತೆ ಹಲಗೆಯ ಬಳಿಗೆ ಮರಳಿದವು.

"ಅಂಗಾಲಿಗೆ ಅಂಗಾಲು ಕೊಟ್ಟು ನಿಂತಿವೆ," ಎಂದಳು ಕೊನೆಗೆ. "ಕೆಳಗಿನದು ಬಿದ್ದಿಲ್ಲ. ಅದಕ್ಕೆ ಕೆಳಗಡೆಯೇ ಮೇಲೆ."

"ಹೌದಮ್ಮ."

"ನನಗೂ ಕೊಡೇ, ನೀನೇ ಎಲ್ಲ ಸವೆಸಿಬಿಡಬೇಡ," ಎಂದು ಓಯ್ವಾ ಎದ್ದುಬಂದ.

"ಇರೋ ಮಾರಾಯ! ಟೀಚರ್, ಮೇಲಿನದನ್ನ ತೆಗೆದ್ರೆ?"

"ಕೆಳಗಿನದೂ ಹೋಗುತ್ತೆ."

"ಕೆಳಗಿನದು ಮಾತ್ರ ಹೋಗೋದೂ ಉಂಟಾ?"

"ಉಂಟು. ಗಾಳಿ ಬೀಸಿದ್ರೆ, ಅಲೆ ಎದ್ರೆ ಹೋಗುತ್ತೆ."

ಕೆರ್ತು ಹಲಗೆಯ ಕೆಳಗೆ ಕೈಯಿಟ್ಟು ಆ ಚರ್ಚನ್ನು ಮೆಲ್ಲಗೆ ಬಿಡಿಸಿಕೊಂಡಳು. ಬರಿದಾದ ಜಾಗವನ್ನು ಸವರಿದಳು. ಮೇಲಿನ ಚರ್ಚಿನ ಸುತ್ತ ಬೆರಳಾಡಿಸಿದಳು.

"ಆಗ ಇದೇನು ಮಾಡುತ್ತೆ?"

ತರಗತಿ ಉತ್ತರಕ್ಕೆ ಕಾಯುತ್ತಿತ್ತು. ಹಿಂದೆ ಕೂತ ರಾಕೆಲ್ ಮುಂದಕ್ಕೆ ಬಾಗಿದರು. ಕೆಲಸ, ಶಿಫಾರಸು, ಜನವರಿ, ಯಾವುದೂ ಐಲಾಳ ನೆನಪಿನಲ್ಲಿರಲಿಲ್ಲ.

"ನಿಂತಿರುತ್ತೆ," ಎಂದಳು.

"ಒಂದೇನೇ?"

"ಒಂದೇನೇ."

ಕೆರ್ತು ತಲೆಯಾಡಿಸಿದಳು. ಆಮೇಲೆ ಕೈಯಲ್ಲಿದ್ದುದನ್ನು ಓಯ್ವಾನ ಕೈಗಿಟ್ಟು, "ಹುಷಾರು, ಬೀಳಿಸಿದ್ರೆ ನೀನೇ ಮಾಡಿಕೊಡ್ಬೇಕು," ಎಂದು ಗದರಿಸಿದಳು.

ಮಕ್ಕಳು ಊಟಕ್ಕೆ ಹೋದ ಮೇಲೆ ರಾಕೆಲ್ ಹಲಗೆಯ ಬಳಿ ಬಂದು, ತಾವೂ ಕಣ್ಣು ಮುಚ್ಚಿ ಮೇಲೆ ಕೆಳಗೆ ಕೈಯಾಡಿಸಿದರು. "ಕೆಳಗಿನದನ್ನ ಕಿತ್ತು ಹಾಕು ಅಂದಿದ್ದು ನಾನೇ," ಎಂದರು. "ಜನವರಿಯಲ್ಲಿ ಬಾಮ್ಮ. ಬರುವಾಗ ದಪ್ಪ ಸಾಕ್ಸ್ ಹಾಕ್ಕೊಂಡು ಬಾ, ಈ ಕೋಣೆ ಹಾಳು ತಣ್ಣಗಿರುತ್ತೆ."

ಬಸ್ಸಿನಲ್ಲಿ ಕೂತ ಐಲಾ ಸುದ್ದಿ ತಿಳಿಸಲೆಂದು ಫೋನು ತೆಗೆದಳು. ಹೆಸರುಗಳ ಮೇಲೆ ಬೆರಳು ಸರಿಯಿತು. ಯಾವ ಹೆಸರಿನ ಮೇಲೂ ನಿಲ್ಲದೆ ಕೊನೆ ಮುಟ್ಟಿತು. ಅವಳು ಫೋನನ್ನು ಚೀಲಕ್ಕೆ ಹಾಕಿದಳು. ಹೊರಗೆ ಮೊದಲ ಹಿಮ ಬೀಳುತ್ತಿತ್ತು. ಪಕ್ಕದ ಸೀಟು ಖಾಲಿಯಿತ್ತು.

ಅವಳು ಕೈಜೋಡಿಸಿ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಹೇಳಿದಳು: "ಕೆಲಸ ಸಿಕ್ಕಿತಪ್ಪ, ದೇವರೇ. ನಿನಗೆ ಗೊತ್ತೇ ಇರುತ್ತೆ. ನಿನ್ನ ಹತ್ರಾನೇ ಇದ್ದಾರಲ್ಲ, ಅವರಿಗೂ ಒಂದು ಮಾತು ಹೇಳಿಬಿಡು."