ಬಿಟ್ಟಿ ಕಿಲೋಮೀಟರು

“ಲೇ ಫಿನಾಯಿಲು, ಸೈಕಲ್ ಬಿಟ್ಟು ಸೈಕಲ್ಲಿಗೆ ಬಂದ್ಯೇನೋ ಬೋಳಿಮಗನೆ?”

ಗುಮಾಸ್ತ ಅರ್ಜಿಯನ್ನು ಎತ್ತಿ ಹಿಡಿದು ಕೋಣೆಗೆಲ್ಲ ತೋರಿಸಿದ. ಆಫೀಸಿಗೆ ಸೈಕಲ್ ತುಳಿದು ಬಂದವರಿಗೆ ತಿಂಗಳು ತಿಂಗಳೂ ಪ್ರೋತ್ಸಾಹಧನ ಎಂದು ಗೋಡೆಗೆ ಚೀಟಿ ಅಂಟಿಸಿದ್ದರು. ಕಕ್ಕಸು ತೊಳೆಯುವ ಇವನು ಹತ್ತೊಂಬತ್ತು ವರ್ಷದಿಂದ ತುಳಿದೇ ಬರುತ್ತಿದ್ದ. ಮೈಗೆ ಹತ್ತಿದ ವಾಸನೆಯೇ ಅವನ ಹೆಸರಾಗಿತ್ತು. ಅರ್ಜಿಯ ‘ಮೊದಲು ಬರುತ್ತಿದ್ದ ವಾಹನ’ ಎಂಬಲ್ಲಿ ಸೈಕಲ್ ಎಂದು ನಿಜವನ್ನೇ ಬರೆಸಿದ್ದ. ದುಡ್ಡು ಇದ್ದದ್ದು ಕಾರು, ಸ್ಕೂಟರು ಬಿಟ್ಟು ಬಂದವರಿಗೆ. ಬಿಡಲು ಏನೂ ಇಲ್ಲದವನಿಗೆ ಯಾರು ಕೊಡುತ್ತಾರೆ?

ಅಷ್ಟಕ್ಕೆ ಬಾಯಿ ಮುಚ್ಚಿಕೊಂಡು ಬಂದಿದ್ದರೆ ಮರ್ಯಾದೆಯಾದರೂ ಉಳಿಯುತ್ತಿತ್ತು. ಮಂಡಿ ಸವೆದಿದೆ, ಇನ್ನೂ ತುಳಿದರೆ ಕಾಲೇ ಹೋಗುತ್ತದೆ ಎಂದು ಡಾಕ್ಟರು ಹೆದರಿಸಿದ್ದರು. ಇವನು ಅದನ್ನೂ ಹೇಳಿಬಿಟ್ಟ: “ಆ ದುಡ್ಡು ಬಂದ್ರೆ ಬಸ್ಸಲ್ಲಿ ಬರ್ಬೋದಲ್ಲ ಸ್ವಾಮಿ, ಅದಕ್ಕೇ ಕೇಳ್ದೆ.”

ಕೋಣೆಯವರೆಲ್ಲ ಬಿದ್ದೂ ಬಿದ್ದೂ ನಕ್ಕರು.

“ಸ್ಕೂಟರು ಅಂತ ಬರೆಸೋಕೆ ಏನ್ ಧಾಡಿ ನಿಂಗೆ? ನಿನ್ ಸತ್ಯಕ್ಕಿಷ್ಟು ಬೆಂಕಿ ಹಾಕ” ಎಂದು ಹೆಂಡತಿ ಅಳುತ್ತಲೇ ಮಂಡಿಗೆ ಎಣ್ಣೆ ತಿಕ್ಕಿದಳು.

ಮರುದಿನ ಮ್ಯಾನೇಜರು ಒಳಗೆ ಕರೆಸಿದರು. ಅರ್ಜಿಯ ವಿಚಾರವೇ ಇರಬೇಕೆಂದು ಪಾಪ, ಇವನು ಕೈಕಾಲು ತೊಳೆದುಕೊಂಡು ಹೋದ. ಅವರು ಬೆಂಕಿಪೊಟ್ಟಣದಷ್ಟಿದ್ದ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟರು. ಸೈಕಲ್ಲಿಗೆ ಕಟ್ಟಿದರೆ ತುಳಿದ ದೂರವನ್ನು ಅದೇ ಲೆಕ್ಕ ಹಾಕಿ ಆಫೀಸಿಗೆ ಕಳಿಸುತ್ತದಂತೆ. ಲೆಕ್ಕ ಸೇರುವುದು ಮಾತ್ರ ಮ್ಯಾನೇಜರ ಹೆಸರಿಗೆ.

“ನೀನು ಹೇಗೂ ತುಳೀತೀಯಲ್ಲಪ್ಪ. ಬಿಟ್ಟಿ ಹೋಗೋ ಕಿಲೋಮೀಟರು. ಇದು ನಿನ್ನ ಸೈಕಲ್ಲಲ್ಲೇ ಇರ್ಲಿ.”

ಇವನು ಮಂಡಿಯ ಮಾತೆತ್ತಿದ. ಕಾಲು ಆಗದವನಿಗೆ ಕೆಲಸ ಯಾಕೆ ಎಂದು ಅವರು ನಗುತ್ತಲೇ ಕೇಳಿದರು. ಡಬ್ಬಿ ಕಟ್ಟಿಕೊಂಡ. ಮ್ಯಾನೇಜರು ಎಂದಿನಂತೆ ಕಾರಿನಲ್ಲೇ ಬಂದುಹೋಗುತ್ತಿದ್ದರು.

ಆರು ತಿಂಗಳಾದ ಮೇಲೆ ಸಭೆ ಸೇರಿತು. ಎಲ್ಲರಿಗಿಂತ ಹೆಚ್ಚು ತುಳಿದವರೆಂದು ಮ್ಯಾನೇಜರಿಗೆ ಹೂಗುಚ್ಛ, ಚೆಕ್ಕು. ಸೈಕಲ್ ಹಿಡಿದ ಮೇಲೆ ತಮ್ಮ ಮಂಡಿನೋವೇ ಮಾಯವಾಯಿತೆಂದು ಅವರು ಭಾಷಣ ಬಿಗಿದರು.

ಹಿಂದೆ ಇವನು ನೆಲ ಒರೆಸುತ್ತಿದ್ದ. ಒರೆಸುವ ಕೋಲು ಬಿಸಾಕಿ, ಕುಂಟುತ್ತ ವೇದಿಕೆ ಹತ್ತಿ, ಪ್ಯಾಂಟು ಮೇಲೆತ್ತಿದ. ಮಂಡಿ ಕುಂಬಳಕಾಯಿಯಂತೆ ಊದಿತ್ತು.

“ಎಲ್ಲೂ ಹೋಗಿಲ್ಲ ಸ್ವಾಮಿ ಆ ನೋವು. ಇಲ್ಲೇ ಇದೆ, ನೋಡಿ. ನಿಮ್ ಕಿಲೋಮೀಟ್ರೆಲ್ಲ ತುಳ್ದಿದ್ದು ಈ ಕಾಲು.”

ಮೊದಲು ಗುಮಾಸ್ತ ನಕ್ಕ. ಅವನ ಹಿಂದೆ ಎಲ್ಲರೂ ನಕ್ಕರು, ಚಪ್ಪಾಳೆಯೂ ಬಿತ್ತು. ಮ್ಯಾನೇಜರು ಇವನ ಹೆಗಲ ಮೇಲೆ ಕೈಹಾಕಿ, ನಗುಮುಖದಲ್ಲೇ ಕಿವಿಯ ಬಳಿ ಬಗ್ಗಿದರು.

“ನಾಳೆಯಿಂದ ಬರ್ಬೇಡ. ಡಬ್ಬಿ ಬಿಚ್ಚಿ ವಾಚ್‌ಮನ್ನಿಗೆ ಕೊಟ್ಟು ಹೋಗು.”

ವೇದಿಕೆ ಇಳಿಯಲು ಇದ್ದದ್ದು ಮೂರೇ ಮೆಟ್ಟಿಲು. ಕಾಲು ಮಡಚಲಿಲ್ಲ. ಮೇಲಿನ ಮೆಟ್ಟಿಲ ಮೇಲೇ ಕುಸಿದು ಕೂತ. ಊಟಕ್ಕೆ ಹೊರಟ ದೊಡ್ಡವರು ಒಬ್ಬೊಬ್ಬರಾಗಿ, ಚಾಚಿದ್ದ ಆ ಕಾಲನ್ನು ದಾಟಿಕೊಂಡು ಹೋದರು.