ಪಾರವ್ವನ ಕಣ್ಣು, ನನ್ನ ಬೆಲ್ಲ

ನನ್ನ ಹೆಂಡತಿ ಪಾರವ್ವನ ಎಡಗಣ್ಣು ಮೆಳ್ಳಗಣ್ಣು. ಕನ್ಯಾ ನೋಡಲು ಹೋದಾಗ ಆಕೆ ತಗ್ಗಿಸಿದ ತಲೆ ಎತ್ತಲೇ ಇಲ್ಲ. ಎಂಥ ಮರ್ಯಾದಸ್ಥ ಹುಡುಗಿ ಎಂದು ನಾನು ಹಿಗ್ಗಿದೆ. ಗೊತ್ತಾದದ್ದು ಅಕ್ಷತೆ ಬಿದ್ದ ಮೇಲೆ. "ಮೆಳ್ಳಗಣ್ಣು ಮನಿಗೆ ಲಕ್ಷ್ಮಿ ತರ್ತದ" ಎಂದು ನಮ್ಮವ್ವ ನನ್ನ ಬಾಯಿ ಮುಚ್ಚಿಸಿದಳು.

ಲಕ್ಷ್ಮಿ ಬಂದಳೋ ಇಲ್ಲವೋ, ಮರಾಠಿ ಸೀಮೆಯ ಬಿಬವೇವಾಡಿಯಲ್ಲಿದ್ದ ನಮ್ಮ ಕಿರಾಣಿ ಅಂಗಡಿಗೆ ಕಾವಲಂತೂ ಬಂತು. ಆಕೆ ತಕ್ಕಡಿ ನೋಡುತ್ತಿದ್ದಾಳೋ ಶೇಂಗಾ ಚೀಲ ನೋಡುತ್ತಿದ್ದಾಳೋ ಯಾರಿಗೂ ತಿಳಿಯದು. ಗಿರಾಕಿಗಳು ಒಂದು ಕಾಳು ಬಾಯಿಗೆ ಹಾಕಿಕೊಳ್ಳಲೂ ಹೆದರುತ್ತಿದ್ದರು. ನಾನೂ ಹೆದರುತ್ತಿದ್ದೆ. ಸಕ್ಕರೆ ಕಾಯಿಲೆಯೆಂದು ಡಾಕ್ಟರು ನನಗೆ ಸಿಹಿ ಬಿಡಿಸಿದ್ದರು. ಬೆಲ್ಲದ ಪೆಂಟೆಯೋ ಕೈಗೆಟಕುವಷ್ಟೇ ದೂರದಲ್ಲಿತ್ತು.

2003ರಲ್ಲಿ ಪಕ್ಕದ ಮನೆಯ ಶೈಲಾ ತನ್ನ ಮಗಳ ಮೆಳ್ಳಗಣ್ಣು ತೋರಿಸಲು ತಜ್ಞರ ಬಳಿ ಹೊರಟಳು. ಪಾರವ್ವನನ್ನೂ ನಾನೇ ಹೊರಡಿಸಿದೆ. ಕಣ್ಣು ನೆಟ್ಟಗಾದರೆ ಆಕೆ ಎತ್ತ ನೋಡುತ್ತಾಳೆಂದು ನನಗೆ ತಿಳಿಯುತ್ತದಲ್ಲ!

"ನಲವತ್ತಾರು ಆತು, ಈಗ್ಯಾಕ್ರಿ?" ಎಂದಳು.

ಡಾಕ್ಟರಮ್ಮ ಆ ಹುಡುಗಿಯ ಒಳ್ಳೆಯ ಕಣ್ಣಿಗೆ ಪಟ್ಟಿ ಅಂಟಿಸಿ, ಸೋಮಾರಿ ಕಣ್ಣಿಗೆ ಕೆಲಸ ಹಚ್ಚಿದರು. ಪಾರವ್ವನಿಗೆ ಮರಾಠಿಯಲ್ಲಿ ಹೇಳಿದರು: ಈ ವಯಸ್ಸಿನಲ್ಲಿ ದೃಷ್ಟಿ ಹೆಚ್ಚದು, ಆದರೆ ಸ್ನಾಯು ಸರಿಪಡಿಸಿ ಕಣ್ಣನ್ನು ನೇರ ಮಾಡಬಹುದು.

ರಿಕ್ಷಾದಲ್ಲಿ ಪಾರವ್ವ ಅತ್ತಳು. "ನನಗ ಎಷ್ಟ ಆಸೆ ಇತ್ತು ಅನ್ನೂದು ನಿಮಗ ಗೊತ್ತಿಲ್ರಿ. ನೀವರ ಮನಸಿಗೆ ತಂದ್ರಿ."

ನನಗೆ ನಾಚಿಕೆಯಾಯಿತು. ಆದರೆ ಬೆಲ್ಲದ ಆಸೆ ನಾಚಿಕೆಗಿಂತ ಗಟ್ಟಿ.

ಆಪರೇಷನ್ ಆಯಿತು. ತಿಂಗಳೆರಡು ಕಪ್ಪು ಕನ್ನಡಕದಲ್ಲೇ ಇದ್ದು, ಕೆಂಪು ಇಳಿದ ಮೇಲೆ ಅದನ್ನು ತೆಗೆದು ಪಾರವ್ವ ಮತ್ತೆ ಅಂಗಡಿಯಲ್ಲಿ ಕೂತಳು. ಎರಡೂ ಕಣ್ಣು ತೊಗರಿಬೇಳೆಯ ಕಡೆ ತಿರುಗಿದ್ದನ್ನು ಖಾತ್ರಿ ಮಾಡಿಕೊಂಡು, ನಾನು ದೊಡ್ಡದೊಂದು ಬೆಲ್ಲದ ಚೂರು ಮುರಿದು ಬಾಯಿಗೆ ಹಾಕಿಕೊಂಡೆ.

"ರೀ."

ತಿರುಗಿದೆ. ಎರಡೂ ಕಣ್ಣು ನೇರ ನನ್ನ ಮುಖದ ಮೇಲಿದ್ದವು. ಇಪ್ಪತ್ನಾಲ್ಕು ವರ್ಷದ ಸಂಸಾರದಲ್ಲಿ ಅವೆರಡೂ ಒಟ್ಟಿಗೆ ನನ್ನನ್ನು ನೋಡಿದ್ದು ಅದೇ ಮೊದಲು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ; ನಾನು ತಲೆ ತಗ್ಗಿಸಿದೆ.

"ಹಂಗ್ಯಾಕ ತಲಿ ತಗ್ಗಸ್ತೀರಿ? ನನ್ನ ನೋಡ್ರಿ. ಈಗ ಚೆಂದ ಕಾಣ್ತೀನೇನ್ರಿ?"

ಪಾಪ, ಈ ಒಂದು ಮಾತು ಕೇಳಲು ಎಷ್ಟು ವರ್ಷ ಕಾದಿದ್ದಳೋ. ನನ್ನ ಬಾಯಿ ತುಂಬ ಬೆಲ್ಲ. ನುಂಗಿ ಉತ್ತರ ಕೊಡುವಷ್ಟು ಹೊತ್ತು ಆಕೆಯನ್ನು ಕಾಯಿಸಲು ಮನಸ್ಸು ಬರಲಿಲ್ಲ. ಚೂರನ್ನು ಅಂಗೈಗೆ ತೆಗೆದುಕೊಂಡು ತಲೆ ಎತ್ತಿದೆ.

"ಭಾಳ ಚೆಂದ ಕಾಣ್ತಿ, ಪಾರೂ."

ಪಾರವ್ವ ಸೆರಗಿನಿಂದ ಎರಡೂ ಕಣ್ಣು ಒರೆಸಿಕೊಂಡಳು. ಆಮೇಲೆ ಕೈ ಚಾಚಿದಳು.

"ಮೆಳ್ಳಗಣ್ಣಿದ್ದಾಗೂ ನನಗ ಎಲ್ಲಾ ಕಾಣ್ತಿತ್ರಿ. ಆ ಬೆಲ್ಲ ಇಲ್ಲೆ ಕೊಡ್ರಿ."

ಕೊಟ್ಟೆ.